ಮಾವನ ಸೊಂಟನೋವು

ನನ್ನ ಸೋದರಮಾವನಿಗೊಂದು ಹುಚ್ಚಿತ್ತು. ಕಂಡಕಂಡಲ್ಲಿ ಕೆಲಸ ಕೇಳುವುದು. ತನಗಲ್ಲ, ನನಗೆ!

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮಂಗಳೂರಿನಲ್ಲಿ ಗಣಿತದ ಬಿ.ಎಸ್ಸಿ. ಓದುತ್ತಿದ್ದೆ. ನಾನು ಆಸೆಪಟ್ಟ ಸರಕಾರಿ ತರಬೇತಿಗೆ ಅರ್ಜಿ ಹಾಕಬೇಕಾದರೆ ಎಲ್ಲಾದರೂ ಎರಡು ತಿಂಗಳು ಲೆಕ್ಕದ ಕೆಲಸ ಮಾಡಿದ ಪತ್ರ ಬೇಕು. ಬೇಸಗೆ ರಜೆಯಲ್ಲಿ ಅದು ಸಿಗದಿದ್ದರೆ ಆಸೆ ಅಲ್ಲಿಗೇ ಮುಗಿಯಿತು. ಕಾಣಿಯೂರಿನ ಮರದ ಡಿಪೋದಲ್ಲಿ ದಿಮ್ಮಿ ಅಳೆಯುತ್ತಿದ್ದ ಮಾವ ಭಾನುವಾರ ಬಂತೆಂದರೆ ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದರು.

ಪುತ್ತೂರಿನ ಬಸ್ಸಿನ ಆಫೀಸಿನಲ್ಲಿ ಕೇಳಿದರು, "ಇವ ಗಣಿತ ಓದುದು ಮಾರಾಯ್ರೆ. ಎಂತದಾದ್ರೂ ಕೆಲಸ ಉಂಟಾ?"

"ಡ್ರೈವರ್ ಬೇಕಿತ್ತು."

"ಆಯ್ತು!"

"ಬಸ್ಸು ಬಿಟ್ಟು ಗೊತ್ತುಂಟಾ?"

"ಅದು ಗೊತ್ತಿಲ್ಲ. ಆದ್ರೆ ಎಷ್ಟೊತ್ತಿಗೆ ಮುಟ್ಟುತ್ತದೆ ಅಂತ ಈಗಲೇ ಹೇಳ್ತಾನೆ!"

ಸುಳ್ಯದಲ್ಲಂತೂ ಡಾಕ್ಟರರನ್ನೂ ಬಿಡಲಿಲ್ಲ. ಕಾಯಿಲೆಯವರ ಸಾಲಿನಲ್ಲಿ ಒಂದು ಗಂಟೆ ಕೂತು ಕೆಲಸ ಕೇಳಿದರು. ನಮಗೆ ಸಿಕ್ಕಿದ್ದು ಎರಡು ಮಾತ್ರೆ.

ಮರುವಾರ ಮಾವನಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿಯಿತು. "ಅಳಿಯ, ನಾನು ಏಳುವ ಹಾಗಿಲ್ಲ. ನನ್ನ ಬದಲಿಗೆ ಡಿಪೋಕ್ಕೆ ನೀನು ಹೋಗು."

ಹೋದೆ. ಮೊದಲ ದಿನವೇ ಎಡವಟ್ಟು! ಸುತ್ತಳತೆಯ ನಾಲ್ಕನೇ ಒಂದಂಶವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವುದು ಮರದವರ ರೂಢಿ. ತೊಗಟೆ, ಗರಗಸದ ಹುಡಿ ಎಲ್ಲ ಅದರಲ್ಲೇ ಕಳೆದುಹೋಗುತ್ತದೆ. ನನಗೇನು ಗೊತ್ತು? ಕಾಲೇಜಿನ ವೃತ್ತದ ಸೂತ್ರ ಹಾಕಿದೆ. ಪ್ರತಿ ದಿಮ್ಮಿಯೂ ಕಾಲು ಪಾಲು ಉಬ್ಬಿತು! ಮರ ಮಾರಲು ಬಂದವನು ನನ್ನ ಕೈ ಕುಲುಕಿದ, ಡಿಪೋದ ಧಣಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಸುದ್ದಿ ಕೇಳಿ ಮಾವ ಓಡಿ ಬಂದರು.

"ಹುಡುಗನ ಲೆಕ್ಕ ಸರಿ ಉಂಟು ಧಣಿಗಳೇ. ನಮ್ಮ ಮರಕ್ಕೇ ಗಣಿತ ಗೊತ್ತಿಲ್ಲ!"

ಧಣಿಗಳು ನಕ್ಕರು, ನಾನು ಉಳಿದೆ. ಸೊಂಟ ಹಿಡಿದವರು ಓಡಿದ್ದು ಹೇಗೆಂದು ಗಣಿತದ ವಿದ್ಯಾರ್ಥಿಗೆ ಹೊಳೆಯಲೇ ಇಲ್ಲ!

ಎರಡು ತಿಂಗಳು ಮುಗಿದಾಗ ಧಣಿಗಳು ಪತ್ರ ಬರೆದು ಕೈಗಿತ್ತರು. "ಇಲ್ಲಿ ಅಳೆಯುದಕ್ಕೆ ಒಬ್ಬನೇ ಸಾಕು. 'ನಾನು ಮನೆಯಲ್ಲಿ ಕೂತ್ಕೊಳ್ತೇನೆ, ಅವನನ್ನು ಇಟ್ಕೊಳ್ಳಿ' ಅಂತ ನಿನ್ನ ಮಾವ ಮೊದಲೇ ಬಂದು ಹೇಳಿದ್ದು. ನಿನಗೆ ಗೊತ್ತಿಲ್ವಾ?"

ಮನೆಗೆ ಓಡಿದೆ. ಮಾವ ಹಲಸಿನ ಮರದ ತುದಿಯಲ್ಲಿದ್ದರು! ನನ್ನನ್ನು ಕಂಡದ್ದೇ ಒಂದು ಕೈ ಸೊಂಟಕ್ಕೆ ಹೋಯಿತು. "ಅಯ್ಯೋ, ನೋವು ಮಾರಾಯ!"

ನಗು ಬಂತು, ಜೊತೆಗೆ ಅಳುವೂ. ಪತ್ರ ಹಿಡಿದುಕೊಂಡೇ ಕೈ ಜೋಡಿಸಿ, ಅವರು ಇಳಿಯುವವರೆಗೂ ಮರದ ಬುಡದಲ್ಲಿ ನಿಂತೆ.