ನಮ್ಮ ಬೀಗರೂ ರೋಮಿನ ಹೆರಿಗೆ ದೇವತೆಗಳೂ

ನಮ್ಮ ಬೀಗರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮಗಳು ಮುನಿಸಿಕೊಳ್ಳುತ್ತಾಳೆ. ಆದರೆ ಸೊಸೆಯ ಹೆರಿಗೆಗೆ ರೋಮ್‌ನಿಂದ ದೇವತೆಗಳನ್ನು ಕರೆಸಿಕೊಂಡ ಮಾವ ಇಡೀ ಚನ್ನಪಟ್ಟಣದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನೋಡೋಣ!

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಜ್ಜಿಯಾದ ಖುಷಿಗೆ ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಬೀಗರದು ಮರದ ಗೊಂಬೆ ಮಾಡುವ ಕಸುಬು. ಯಾರೋ ಹಳೇ ರೋಮಿನ ಹೆರಿಗೆ ದೇವತೆಗಳ ಗೊಂಬೆ ಬೇಕೆಂದು ಚಿತ್ರಗಳ ಜೊತೆ ಇಂಗ್ಲಿಷ್ ಹಾಳೆಯೊಂದನ್ನು ಕೊಟ್ಟುಹೋದರು. ಬಸುರಿ ಸೊಸೆ, ಅಂದರೆ ನನ್ನ ಮಗಳು, ಓದಿ ಹೇಳುವುದು. ಇವರು ಗೊಂಬೆ ಮಾಡುವುದು. ಹೆರಿಗೆಗೆ ಲೂಸಿನಾ, ದೀಪ ಹಿಡಿಯಲು ಕ್ಯಾಂಡೆಲಿಫೆರಾ, ತೊಟ್ಟಿಲಿಗೆ ಕುನಿನಾ, ಮೊಲೆಹಾಲಿಗೆ ರುಮಿನಾ. ಥೇಟ್ ತಾಲ್ಲೂಕು ಆಫೀಸು, ಒಂದೊಂದು ಕೆಲಸಕ್ಕೆ ಒಂದೊಂದು ಮೇಜು! ನಮ್ಮ ದೊಡ್ಡಮಳೂರಿನ ಅಂಬೆಗಾಲು ಕೃಷ್ಣ ಒಬ್ಬನೇ ಎಲ್ಲ ನೋಡಿಕೊಳ್ಳುವುದಿಲ್ಲವೇ ಎಂದು ಚುಚ್ಚಿದೆ.

“ಅವನ್ಗೂ ಒಸಿ ಕೈಯಾಳು ಬೇಕಲ್ವಾ ಅಕ್ಕ?” ಎಂದರು.

ಗೊಂಬೆಗಳು ಹೋದವು, ದೇವತೆಗಳು ಇವರ ತಲೆಯಲ್ಲೇ ಉಳಿದರು. ಲೂಸಿನಾಗೆ ಗಂಟು ಕಂಡರಾಗದಂತೆ. ಅವಳ ಪೂಜೆಗೆ ಹೋಗುವವರು ಉಟ್ಟ ಬಟ್ಟೆಯ ಗಂಟೂ ಬಿಚ್ಚಿರಬೇಕಂತೆ. ಮಗಳಿಗೆ ನಮ್ಮ ಮನೆಯಲ್ಲಿ ನೋವು ಶುರುವಾಯಿತು. ಬೀಗರು ಆಟೋ ತಂದವರೇ ಕಂಡ ಕಂಡ ಗಂಟಿಗೆಲ್ಲ ಕೈ ಹಾಕಿದರು. ರಾಗಿ ಮೂಟೆಯ ಬಾಯಿ ಬಿಚ್ಚಿದರು, ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದರು, ಹಸುವನ್ನೂ ಬಿಚ್ಚಿದರು! ಅದು ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ನಡೆಯಿತು. ಮಗಳು ಆಟೋದಲ್ಲಿ ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು.

ನನ್ನ ಸೆರಗಿನಲ್ಲಿ ಕೃಷ್ಣನಿಗೆ ಹರಕೆ ಹೊತ್ತು ಕಟ್ಟಿದ್ದ ಕಾಸಿನ ಗಂಟಿತ್ತು. ಅದರ ಮೇಲೂ ಕಣ್ಣು! ಮುಟ್ಟಿದರೆ ಬೀಗತನ ಮುರಿಯಿತು ಎಂದೆ. ಮೊದಲ ಸಲ ಬಸುರು ನಿಂತಿರಲಿಲ್ಲ. ಈ ಸಲವೂ ಹಾಗಾದರೆ ಮಗಳ ಗತಿಯೇನು? ಹೇಗೆ ಬಿಚ್ಚಲಿ?

ಹೆರಿಗೆ ಕೋಣೆಯ ಹೊರಗೆ ಕಾಲ ಮೇಲೆ ಕಾಲು ಹಾಕಿ ಕೂತರೆ ಒಳಗೆ ಹೆರಿಗೆ ನಿಂತುಬಿಡುತ್ತದಂತೆ. ಆಸ್ಪತ್ರೆಯ ಬೆಂಚಿನಲ್ಲಿದ್ದವರ ಕಾಲನ್ನೆಲ್ಲ ಬೀಗರು ಇಳಿಸಿದರು.

“ನಮ್ಮೋರ್ದು ಹೆರ್ಗೆ ಅಲ್ಲ ಕಣಣ್ಣ, ನಂಗೇ ಮಂಡಿ ನೋವು” ಎಂದನೊಬ್ಬ.

“ಆದ್ರೂ ಇಳ್ಸಪ್ಪ, ಪುಣ್ಯ ಬತ್ತದೆ.”

ಇನ್ನೊಬ್ಬನ ಕೈಯ ಬ್ಯಾಂಡೇಜ್ ಗಂಟು ಬಿಚ್ಚಲು ಹೋದಾಗ ನರ್ಸಮ್ಮ ಗದರಿಸಿ ಕೂರಿಸಿದರು.

ಎಷ್ಟು ಹೊತ್ತಾದರೂ ಸುದ್ದಿಯಿಲ್ಲ. ಯಾರೂ ನೋಡದಂತೆ ಸೆರಗಿನ ಗಂಟು ಬಿಚ್ಚಿ ಕಾಸನ್ನು ಮುಷ್ಟಿಯಲ್ಲಿ ಹಿಡಿದೆ. ಗಂಟೂ ಇಲ್ಲ, ಹರಕೆಯೂ ಕೈಬಿಟ್ಟಿಲ್ಲ. ಇಬ್ಬರು ದೇವರಿಗೂ ನ್ಯಾಯ!

ಕೊನೆಗೂ ಬಾಗಿಲು ತೆರೆಯಿತು. ಹೆಣ್ಣು ಮಗು! ತಾಯಿ, ಮಗು ಇಬ್ಬರೂ ಕ್ಷೇಮ! ನಾನು ಈ ವಯಸ್ಸಿನಲ್ಲೂ ಕುಣಿದೆ. ಮೊದಲು ತಾತ ಎತ್ತಿಕೊಳ್ಳಲಿ ಎಂದೆ. ಊರವರ ಗಂಟಿಗೆಲ್ಲ ಕೈ ಹಾಕಿದ ಮನುಷ್ಯ ಈಗ ಕೈ ಹಿಂದಕ್ಕಿಟ್ಟುಕೊಂಡು ಗೋಡೆಗೆ ಒರಗಿಬಿಟ್ಟರು. ಪಕ್ಕದಲ್ಲಿದ್ದ ಮಗನನ್ನು, ಅಂದರೆ ನನ್ನ ಅಳಿಯನನ್ನು, ನೋಡಿ ಮೆಲ್ಲಗೆ ಹೇಳಿದರು:

“ಇವ್ನ ಹೆತ್ತು ಇವ್ರವ್ವ ಹೋದ್ಲಲ್ಲ ಅಕ್ಕ. ಆ ಸಂಕ್ಟದಲ್ಲಿ ಮೂರ್ ತಿಂಗ್ಳು ನಾನು ಮಗೀನ ಎತ್ಕೊಳ್ಳೇ ಇಲ್ಲ.”

ಹುಟ್ಟಿದ ಮಗುವನ್ನು ಅಪ್ಪನ ಕೈಯಲ್ಲಿ ನೆಲದಿಂದ ಎತ್ತಿಸುವುದಕ್ಕೂ ರೋಮಿನಲ್ಲೊಬ್ಬ ದೇವತೆಯಿದ್ದಳಂತೆ, ಲೆವಾನಾ. ಮಗಳು ಆಮೇಲೆ ಹೇಳಿದಳು. ಅವಳ ಹೆಸರನ್ನು ಮಾತ್ರ ಬೀಗರು ಯಾವತ್ತೂ ಎತ್ತಿರಲಿಲ್ಲ.

ನಾನೇ ಅವರ ಎರಡೂ ಕೈ ಮುಂದಕ್ಕೆ ಎಳೆದು ಮಗುವನ್ನು ಇಟ್ಟೆ. ಆಮೇಲೆ ಬೀಗರು ಸಂಜೆಯವರೆಗೂ ಯಾರಿಗೂ ಕೊಡಲಿಲ್ಲ.