ಅಜ್ಜನಿಗೆ ಸಿಕ್ಕಿದ ವಿಳಾಸ

ತಪ್ಪು ಮಾಡುವುದರಲ್ಲಿ ನನಗೊಂದು ನಿಷ್ಠೆ ಉಂಟು. ಬೇರೆಯವರು ಕೆಲಸ ಮಾಡುವಾಗ ಅಕಸ್ಮಾತ್ ತಪ್ಪು ಮಾಡ್ತಾರೆ. ನಾನು ತಪ್ಪು ಮಾಡ್ತಾ ಇರುವಾಗ ಅಕಸ್ಮಾತ್ ಕೆಲಸ ಆಗಿಬಿಡುವುದುಂಟು. ಕೊನೇ ವರ್ಷದ ಪ್ರಾಜೆಕ್ಟಿಗೆ ಚೆಸ್ ಆಡುವ ಪ್ರೋಗ್ರಾಮ್ ಬರೆದದ್ದೂ ಹಾಗೆಯೇ. ಅದು ಒಂದು ಕಾಯಿ ನಡೆಸುವಷ್ಟರಲ್ಲಿ ನಮ್ಮ ವೇಣೂರಿನ ಬಸ್ಸು ಮೂಡುಬಿದಿರೆ ಮುಟ್ಟಿ ವಾಪಸ್ ಬರ್ತಿತ್ತು. "ಸೋಮವಾರದೊಳಗೆ ಸರಿ ಮಾಡದಿದ್ರೆ ಇನ್ನೊಂದು ವರ್ಷ ಇಲ್ಲೇ ಕೂತ್ಕೊಳ್ಳಿ" ಅಂದ್ರು ಕಾಲೇಜಿನ ಸರ್.

ರೋಗ ಪತ್ತೆ ಮಾಡಿದ್ದು ಬಂಟ್ವಾಳದ ಗೆಳೆಯ ಸುಹಾಸ. ಪ್ರೋಗ್ರಾಮಿನೊಳಗೆ ಫಂಕ್ಷನ್ ಅಂತ ಸಣ್ಣ ಸಣ್ಣ ಕೆಲಸದಾಳುಗಳಿರ್ತಾರೆ. ಒಬ್ಬ ಆನೆ ನಡೆಸಿ ನೋಡ್ತಾನೆ, ಇನ್ನೊಬ್ಬ ಕುದುರೆ. ನಾನು ಒಬ್ಬೊಬ್ಬನಿಗೂ ಇಡೀ ಚೆಸ್ ಬೋರ್ಡಿನ ಹೊಸ ನಕಲು ಮಾಡಿ ಕೊಡ್ತಿದ್ದೆ. "ಮನೆಗೆ ಬರುವವನಿಗೆ ದಾರಿ ಹೇಳುವುದು ಬಿಟ್ಟು ಅವನ ಅಂಗಳದಲ್ಲಿ ನಿನ್ನ ಮನೆಯನ್ನೇ ಇನ್ನೊಂದು ಕಟ್ಟಿ ಕೊಡ್ತೀಯಲ್ಲ ಮಾರಾಯ! ಬೋರ್ಡ್ ಎಲ್ಲಿ ಉಂಟು ಅಂತ ವಿಳಾಸ ಕೊಡು, ಸಾಕು" ಅಂದ. ಕೊಟ್ಟೆ. ಪ್ರೋಗ್ರಾಮ್ ಓಡಿತು.

ಪರೀಕ್ಷೆಗೆ ಒಂದೇ ನಡೆಯನ್ನು ಉದ್ದಕ್ಕೆ ಯೋಚಿಸ್ತಾ ಇರಲಿ ಅಂತ ಲ್ಯಾಪ್‌ಟಾಪನ್ನು ತೀರಿಹೋದ ಅಜ್ಜನ ಕೋಣೆಯಲ್ಲಿ ಚಾರ್ಜಿಗಿಟ್ಟು ಮರೆತೆ. ಅವತ್ತು ನಮ್ಮ ತುಳುವರ ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸುವ ದಿನ. ತೀರಿಹೋದವರಿಗೆ ಅದೇ ಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಎಳೆದು ನಾವು ಹೊರಗೆ ಕಾಯುವುದು. ಒಳಗೆ ಯಾರೂ ಇರಬಾರದು; ಅವರು ಬಂದು ಉಣ್ಣಬೇಕು. ನಾನು ಚಾವಡಿಯಲ್ಲಿ ಕೋಳಿಸಾರಿನ ಪರಿಮಳಕ್ಕೆ ಧ್ಯಾನಸ್ಥನಾಗಿದ್ದೆ. ಸ್ವಲ್ಪ ಹೊತ್ತಿಗೆ ಅಮ್ಮ ಬಾಗಿಲು ತಟ್ಟಿ ತೆಗೆದ್ರು.

ದೀಪ ಸಣ್ಣದಾಗಿತ್ತು. ಗಾಳಿ ಇಲ್ಲ, ಸದ್ದಿಲ್ಲ. ಸ್ಕ್ರೀನಿನ ಮೇಲೆ ಕಪ್ಪು ಆನೆ ತನ್ನಷ್ಟಕ್ಕೆ ಮೆಲ್ಲ ಜಾರಿತು, ನಿಂತಿತು, ಮಾಯವಾಯ್ತು. ಖಾಲಿ ಮನೆಯಲ್ಲಿ ಕುದುರೆ ಎದ್ದಿತು, ಅದೂ ಹೋಯ್ತು.

"ಅವರೇ" ಅಂದ್ರು ಅಜ್ಜಿ. ಅಜ್ಜನ ಎದುರು ಇಡೀ ಜನ್ಮ ಚೆಸ್ ಆಡಿದವರು ಅವರು. "ಇಟ್ಟ ಕಾಯಿ ವಾಪಸ್ ತೆಗೆಯುವ ಚಾಳಿ ಬಿಡ್ಲಿಲ್ಲ ನೋಡು."

ನಾನು ಸ್ಕ್ರೀನಿಗೆ ಬಗ್ಗಿ ನೋಡಿದೆ. ಆಮೇಲೆ ಹೊಳೆಯಿತು. ವಿಳಾಸ ಸಿಕ್ಕಿದ ಆಳುಗಳು ನೇರ ಅಸಲು ಬೋರ್ಡಿಗೇ ಬಂದು ಕಾಯಿ ನಡೆಸಿ ನೋಡ್ತಿದ್ದಾರೆ. ನಡೆಸಿ ವಾಪಸ್ ತೆಗೆಯುವುದನ್ನೆಲ್ಲ ಸ್ಕ್ರೀನಿನಲ್ಲಿ ತೋರಿಸಬೇಡಿ ಅಂತ ಬರೆಯಲಿಕ್ಕೆ ಮರೆತವ ನಾನು!

"ಅಜ್ಜ ಅಲ್ಲ ಅಜ್ಜಿ, ನನ್ನ ತಪ್ಪು!"

"ಎಲ್ಲದಕ್ಕೂ ನೀನೇ ಕಾರಣ ಅಂತ ಜಂಬ ಬೇಡ" ಅಂದ್ರು ಅಮ್ಮ. ನನ್ನ ತಪ್ಪನ್ನು ಮನೆಯಲ್ಲಿ ಯಾರೂ ಒಪ್ಪದೆ ಇದ್ದದ್ದು ಅದೇ ಮೊದಲು.

ಲ್ಯಾಪ್‌ಟಾಪ್ ಹೊರಗೆ ತರಲಿಕ್ಕೆ ಅಜ್ಜಿ ಬಿಡ್ಲಿಲ್ಲ: "ಆಟದ ಮಧ್ಯೆ ಅವರನ್ನು ಎಬ್ಬಿಸಬೇಡ." ಸೋಮವಾರವೋ ಹತ್ತಿರ ಬರ್ತಾ ಉಂಟು. ಬಡಿಸಿದ ಎಲೆಯ ಪಕ್ಕದಲ್ಲೇ ಕೂತು, ಯಾರ ಕೈಗೂ ಮೊಣಕೈ ತಾಗದ ಹಾಗೆ ಮುದುರಿಕೊಂಡು, ಸರಿ ಮಾಡಿದೆ. ಓಡಿಸಿದೆ. ಪ್ರೋಗ್ರಾಮ್ ಯೋಚಿಸಿತು, ಬೋರ್ಡ್ ಕಲ್ಲಿನ ಹಾಗೆ ನಿಂತಿತ್ತು. ಅಜ್ಜಿಯ ಮುಖ ಬಾಡಿತು.

"ಎದ್ದು ಹೋದ್ರಾ ಮಗಾ?"

ಪ್ರೋಗ್ರಾಮ್ ತನ್ನ ನಡೆ ಮುಗಿಸಿ ನನ್ನ ಸರದಿಗೆ ಕಾಯ್ತಿತ್ತು. ನನ್ನ ಎರಡೂ ಕೈ ತೊಡೆಯ ಮೇಲೆ. ನನ್ನ ಕಡೆಯ ಬಿಳಿ ಕಾಲಾಳು ಒಂದು ಮನೆ ಮುಂದೆ ಬಂತು. ಅನುಮಾನಿಸಿತು. ವಾಪಸ್ ಹೋಯ್ತು.

ಅಜ್ಜಿ ಸೆರಗು ಬಾಯಿಗಿಟ್ಟು ಕಿಸಕ್ಕನೆ ನಕ್ಕರು. "ಅದೇ, ಅದೇ!"

ಸೋಮವಾರ ಸರ್ ನನ್ನ ಪ್ರೋಗ್ರಾಮನ್ನು ಮೇಲಿಂದ ಕೆಳಗಿನವರೆಗೆ ಓದಿ ಕನ್ನಡಕ ತೆಗೆದ್ರು. "ಪರವಾಗಿಲ್ವೇ! ಒಂದೂ ತಪ್ಪಿಲ್ಲ. ಪಾಸ್."

ನಾನು ಮೇಜು ಗಟ್ಟಿ ಹಿಡಿದುಕೊಂಡೆ.

"ಸರ್, ಇನ್ನೊಮ್ಮೆ ಸರಿಯಾಗಿ ನೋಡಿ ಸರ್. ಬರೆದದ್ದು ನಾನು. ಒಂದಾದ್ರೂ ಇರ್ಲೇಬೇಕು!"