ನಿಂಬೆಹಣ್ಣಿನ ಗಾತ್ರದ ಮುದ್ದೆ

ನನ್ನ ಸೋದರಮಾವ ಎರಡು ಗಂಟೆಗೊಮ್ಮೆ ಊಟ ಮಾಡುತ್ತಿದ್ದರು. ಬೆಳಿಗ್ಗೆ ಮುಖ ತೊಳೆದೊಡನೆ ಒಂದು, ಪೇಪರು ಓದಿದ ಮೇಲೆ ಒಂದು, ಅಂಗಡಿಯ ಬೀಗ ತೆಗೆದ ಮೇಲೆ ಇನ್ನೊಂದು, ಹೀಗೆ ದೀಪ ಆರಿಸುವವರೆಗೂ ಊಟವೋ ಊಟ! ಇಷ್ಟು ಹೇಳಿದ ಕೂಡಲೇ ನೀವು "ಓಹೋ, ಹೊಟ್ಟೆಬಾಕ" ಎಂದು ತೀರ್ಮಾನಿಸಿಬಿಟ್ಟಿರಿ, ಅಲ್ಲವೇ? ಅಲ್ಲೇ ಎಡವಿದಿರಿ ನೋಡಿ. ಮಾವ ಹೊಟ್ಟೆಬಾಕರಾಗಿದ್ದದ್ದು ದಿನಕ್ಕೆ ಎರಡೇ ಎರಡು ಊಟ ಮಾಡುತ್ತಿದ್ದ ಕಾಲದಲ್ಲಿ.

ಆ ಕಾಲದ ವೈಭವವನ್ನು ಮೊದಲು ಹೇಳಿಬಿಡುತ್ತೇನೆ. ಮಾವ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಹುಟ್ಟಿದ್ದು ಹಳ್ಳಿಯ ಒಕ್ಕಲು ಮನೆಯಲ್ಲಿ. ಪಟ್ಟಣಕ್ಕೆ ಬಂದ ಮೇಲೆ ಅವರ ಅಂಗಿ ಬದಲಾಯಿತು, ಚಪ್ಪಲಿ ಬದಲಾಯಿತು, ಕ್ರಾಪು ಕೂಡ ಬದಲಾಯಿತು. ಮುದ್ದೆಯ ಗಾತ್ರ ಮಾತ್ರ ಬದಲಾಗಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಒಮ್ಮೆ ಹೊರಳಿಸಿ ಬಾಯಿಗೆ ಎಸೆದರೆಂದರೆ ಗುಳುಂ! ಅವರ ಹಲ್ಲುಗಳಿಗೆ ಊಟವಾದ ಸುದ್ದಿಯೇ ತಲುಪುತ್ತಿರಲಿಲ್ಲ. ಮದುವೆಯ ಮರುದಿನದ ಬೀಗರೂಟಕ್ಕೆ ಮಾವ ಬರುತ್ತಾರೆಂದು ಗೊತ್ತಾದರೆ ಅಡುಗೆಯವರು ಇನ್ನೊಂದು ಒಲೆ ಹೂಡುತ್ತಿದ್ದರಂತೆ. ಹೇಳಿದವರು ಮಾವನೇ ಆದ್ದರಿಂದ ಸ್ವಲ್ಪ ಕಳೆದುಕೊಂಡು ನಂಬಿ.

ನಾನು ಕಾಲೇಜು ಓದಲೆಂದು ಅವರ ಮನೆ ಸೇರಿದ್ದೆ. ಮಾವನೂ ನಾನೂ ಸಾಲಾಗಿ ಕೂರುವುದು, ಅತ್ತೆ ನಿಂತು ಬಡಿಸುವುದು. ಅತ್ತೆ ಎಷ್ಟು ಮುದ್ದೆ ಮಾಡಿದರೂ ಮಾವ ಏಳುವ ಹೊತ್ತಿಗೆ ಪಾತ್ರೆ ಖಾಲಿ. ಅತ್ತೆ ಯಾವಾಗ ಉಣ್ಣುತ್ತಿದ್ದರೋ ನಾನು ಕಂಡವನಲ್ಲ. ನಾವು ಎಲೆಅಡಿಕೆ ಹಾಕಿಕೊಳ್ಳುವಾಗ ಅಡುಗೆಮನೆಯಿಂದ ಪಾತ್ರೆ ಕೆರೆಯುವ ಸದ್ದು ಬರುತ್ತಿತ್ತು, ಅಷ್ಟೆ.

"ನಿಮ್ಮತ್ತೆಗೆ ತಳ ಹಿಡ್ದಿರೋ ಸೀಕು ಅಂದ್ರೆ ಪ್ರಾಣ ಕಣ್ಲಾ!" ಎಂದು ಮಾವ ನನಗೆ ವಿವರಿಸುತ್ತಿದ್ದರು. ಹೆಂಡತಿಯ ಇಷ್ಟಾನಿಷ್ಟ ಬಲ್ಲ ಗಂಡನೆಂಬ ಹೆಮ್ಮೆ ಅವರಿಗೆ.

ಇಂಥ ಮಾವನಿಗೆ ಹೊಟ್ಟೆನೋವು ಶುರುವಾಯಿತು. ಸೋಡಾ ಕುಡಿದರು, ಓಮದ ಕಷಾಯ ಕುಡಿದರು, ದೃಷ್ಟಿ ತೆಗೆಸಿಕೊಂಡರು. ದೃಷ್ಟಿಯ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ. ಅವರ ಊಟವನ್ನು ನೋಡಿದವರು ಒಬ್ಬರೇ ಇಬ್ಬರೇ! ಕೊನೆಗೆ ಒಂದು ದಿನ ಮಂಡಿಯಲ್ಲೇ ರಕ್ತ ಕಾರಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ಹೊಟ್ಟೆಯಲ್ಲಿ ದೊಡ್ಡ ಹುಣ್ಣಾಗಿದೆ, ಕೂಡಲೇ ಕುಯ್ಯಬೇಕು ಎಂದರು ಡಾಕ್ಟರು. ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಸೆರಗು ಬಾಯಿಗೊತ್ತಿಕೊಂಡು ಕುಳಿತವರು ಆಪರೇಷನ್ ಮುಗಿಯುವವರೆಗೂ ಒಂದು ಹನಿ ನೀರು ಮುಟ್ಟಲಿಲ್ಲ.

ಮಾವ ಬದುಕಿದರು. ಆದರೆ ಹುಣ್ಣಿನ ಜೊತೆಗೆ ಹೊಟ್ಟೆಯ ಬಹುಪಾಲೂ ಹೊರಟುಹೋಗಿತ್ತು. ನೋಡಲು ಬಂದ ಊರಿನ ಹಿರಿಯರೊಬ್ಬರು ನನ್ನನ್ನು ಮೂಲೆಗೆ ಕರೆದು, "ಕುಯ್ದಿದ್ ಹೊಟ್ಟೇನ ಏನ್ ಮಾಡುದ್ರಂತ್ಲಾ? ಕೇಳಿ ಈಸ್ಕೊಂಡ್ಬರದಲ್ವಾ, ಅದು ನಮ್ದು!" ಎಂದು ಗದರಿದರು.

ಮನೆಗೆ ಕಳಿಸುವ ದಿನ ಡಾಕ್ಟರು ಮಾವನ ಹಾಸಿಗೆಯ ಬಳಿ ನಿಂತು ಪಥ್ಯ ವಿವರಿಸಿದರು.

"ನೋಡಿ ಗೌಡರೇ, ಇನ್ನು ನಿಮ್ಮ ಹೊಟ್ಟೆ ಅಂದರೆ ಒಂದು ಕಾಫಿ ಲೋಟ. ಎರಡು ಗಂಟೆಗೊಂದು ಸಲ ಒಂದು ಹಿಡಿಯಷ್ಟು ತಿನ್ನಬೇಕು. ತಿಂದ ಮೇಲೆ ಓಡಾಡದೆ ಸ್ವಲ್ಪ ಹೊತ್ತು ಕೂತಿರಬೇಕು. ಸಿಹಿ ಬೇಡ, ತಿಂದರೆ ತಲೆ ಸುತ್ತಿ ಬೀಳ್ತೀರಿ. ಏನೇ ತಿಂದರೂ ನುಣ್ಣಗೆ ಅಗಿದು ನುಂಗಬೇಕು."

"ಅಂಗೇ ಆಗ್ಲಿ ಸ್ವಾಮಿ. ಮುದ್ದೆ?"

"ಮುದ್ದೇನೂ ಅಗಿಯಬೇಕು."

ಹೊಟ್ಟೆ ಕುಯ್ದಾಗಲೂ ಮಾವ ಅಷ್ಟು ನೊಂದಿರಲಿಲ್ಲ. ಕೈಮುಗಿದು, "ಡಾಕ್ಟ್ರೇ, ಕುಯ್ದಿದ್ದಾಯ್ತು, ಒಲ್ದಿದ್ದಾಯ್ತು. ಮರ್ವಾದೆ ಒಂದ್ನ ಬುಟ್ಬುಡಿ. ಮುದ್ದೆ ಅಗಿಯೋ ಮನೆತನ ಅಂತ ಊರಲ್ಲಿ ಗೊತ್ತಾದ್ರೆ ಈ ನನ್ ಸೋದರಳಿಯಂಗೆ ಯಾರ್ ಹೆಣ್ ಕೊಟ್ಟಾರು?" ಎಂದರು. ಡಾಕ್ಟರು ನನ್ನ ಮುಖ ನೋಡಿದರು. ಹೆಣ್ಣು ಸಿಗದಿದ್ದರೆ ಮುದ್ದೆಯೊಂದೇ ಕಾರಣವಾಗಿರಲಾರದು ಎಂದು ಅವರಿಗೆ ಅನ್ನಿಸಿರಬೇಕು. ಕೊನೆಗೆ ಕಡಲೆಕಾಳಿನ ಗಾತ್ರದ ತುತ್ತಾದರೆ ಅಗಿಯದೆ ನುಂಗಬಹುದು ಎಂದು ರಾಜಿಯಾಯಿತು.

ಇನ್ನು ಬೆಲ್ಲದ ವಿಷಯ. ಬೆಲ್ಲದ ಮಂಡಿಯವರಿಗೆ ಸಿಹಿ ಬೇಡವೆಂದರೆ ಹೇಗೆ ಸ್ವಾಮಿ? ಅಚ್ಚಿನ ಮೂಲೆ ಮುರಿದು ನಾಲಗೆಗೆ ಇಟ್ಟುಕೊಳ್ಳದೆ ಅವರು ಸರಕು ಇಳಿಸಿದ್ದೇ ಇಲ್ಲ. ಮೊದಲ ವಾರವೇ ಒಂದು ದೊಡ್ಡ ಚೂರು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದು, ಕಣ್ಣು ಕತ್ತಲಿಟ್ಟು, ಬೆಲ್ಲದ ಮೂಟೆಯ ಮೇಲೇ ಒರಗಿಬಿಟ್ಟರು. ಬೆಲ್ಲ ತಂದಿದ್ದ ರೈತ ಗಾಬರಿಯಾಗಿ, "ಅಯ್ಯೋ ಗೌಡ್ರೇ, ನನ್ ಬೆಲ್ದಲ್ಲಿ ಏನೂ ಕಲಬೆರಕೆ ಇಲ್ಲ ಕಣ್ರೀ! ಒಂಚೂರು ಸುಣ್ಣ ಜಾಸ್ತಿ ಆಗದೆ, ಅಷ್ಟೇಯ!" ಎಂದು ತಾನಾಗಿಯೇ ಒಪ್ಪಿಕೊಂಡುಬಿಟ್ಟ. ಅಂದಿನಿಂದ ಮಾವ ರುಚಿ ನೋಡುವುದನ್ನು ನಿಲ್ಲಿಸಿ, ಬರೀ ವಾಸನೆ ನೋಡಿ ರೈತರ ಕಣ್ಣನ್ನೇ ದಿಟ್ಟಿಸತೊಡಗಿದರು.

ಮಂಡಿಯಲ್ಲಿ ಆಗ ವ್ಯಾಪಾರ ಬಾಯಲ್ಲಿ ಆಗುತ್ತಿರಲಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಹೇಳಬೇಕು. ಒಮ್ಮೆ ಬೆಲ್ಲ ಕೊಳ್ಳಲು ಬಂದ ಬೇರೆ ಊರಿನ ವ್ಯಾಪಾರಿಯೊಬ್ಬನ ಜೊತೆ ಬೆರಳಾಟ ಬಿರುಸಾಗಿ ನಡೆಯುತ್ತಿದ್ದಾಗ ಗೋಡೆಯ ಗಡಿಯಾರ ಹೊಡೆಯಿತು. ಮಾವನ ತುತ್ತಿನ ಹೊತ್ತು! ಸಟಕ್ಕನೆ ಕೈ ಎಳೆದುಕೊಂಡು ಡಬ್ಬಿ ಬಿಚ್ಚಿದರು. ಎದುರಿನವನು ತಾನು ಕೇಳಿದ ದರಕ್ಕೆ ಗೌಡರಿಗೆ ಕೋಪ ಬಂತೆಂದುಕೊಂಡು, ಡಬ್ಬಿ ಮುಚ್ಚುವುದರೊಳಗೆ ಎರಡು ಸಲ ದರ ಏರಿಸಿದ. ಮಾವನಿಗೆ ಪಥ್ಯದ ಮೇಲೆ ಗೌರವ ಮೂಡಿದ್ದು ಅಂದಿನಿಂದಲೇ.

ಒಂದು ಬೀಗರೂಟದಲ್ಲಿ ಮಾತ್ರ ಗೌರವ ಉಳಿಯಲಿಲ್ಲ. ಹಳೆಯ ಖ್ಯಾತಿ ನೆನೆದು ಮಾವನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಮಾವ ನಾಲ್ಕು ತುತ್ತಿಗೆ ಕೈ ನಿಲ್ಲಿಸಿದರು. ಪಂಕ್ತಿ ಏಳುವವರೆಗೆ ತಾವೂ ಏಳುವಂತಿಲ್ಲ! ಹೆಣ್ಣಿನ ತಂದೆ ಓಡಿ ಬಂದು, "ಯಾಕ್ ಗೌಡ್ರೇ, ನಮ್ ಮನೆ ಊಟ ಸೇರ್ಲಿಲ್ವಾ? ನಮ್ಮಿಂದ ಏನಾರ ತಪ್ಪಾಯ್ತಾ?" ಎಂದು ಅಳುವಂತಾದರು. ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಮಾವ ಬೇರೆ ದಾರಿ ಕಾಣದೆ ಎಡಗೈಯಲ್ಲಿ ಅಂಗಿ ಎತ್ತಿ, ಎದೆಗೂಡಿನಿಂದ ಹೊಕ್ಕುಳವರೆಗಿನ ಹೊಲಿಗೆಯನ್ನು ಪಂಕ್ತಿಗೆಲ್ಲ ತೋರಿಸಿಬಿಟ್ಟರು. ಆ ಮದುವೆಯಲ್ಲಿ ಮದುಮಗನಿಗಿಂತ ಮಾವನ ಹೊಟ್ಟೆಯನ್ನು ನೋಡಿಹೋದವರೇ ಹೆಚ್ಚು. ಇದೆಲ್ಲ ಹೊರಗಿನ ಪ್ರಸಂಗವಾಯಿತು.

ನಿಜವಾದ ಪೇಚಾಟ ಇದ್ದದ್ದು ಮನೆಯಲ್ಲಿ, ಅತ್ತೆಗೆ. ಬೆಳಿಗ್ಗೆ ಗಂಜಿ, ಮಂಡಿಗೆ ಇಡ್ಲಿ, ಸಂಜೆ ಬಾಳೆಹಣ್ಣು, ಇವೆಲ್ಲ ಸುಲಭ. ಮಧ್ಯಾಹ್ನ ಮತ್ತು ರಾತ್ರಿ ಮಾತ್ರ ಮಾವನಿಗೆ ಮುದ್ದೆಯೇ ಆಗಬೇಕು, ಅದೂ ನಿಂಬೆಹಣ್ಣಿನ ಗಾತ್ರದ್ದು. ನಿಂಬೆಹಣ್ಣಿನಷ್ಟು ಮುದ್ದೆಯನ್ನು ಯಾರಾದರೂ ತೊಳಸಲಾದೀತೇ? ಅತ್ತೆ ಪುಟ್ಟ ಪಾತ್ರೆಯಲ್ಲಿ ಪ್ರಯತ್ನಿಸಿದರು. ಕೋಲು ಹಾಕಿದರೆ ಪಾತ್ರೆಯೇ ಕೋಲಿನ ಜೊತೆ ಗಿರಗಿರ ತಿರುಗಿತು. ಹಿಟ್ಟೆಲ್ಲ ಗಂಟಾಯಿತು. ಸರಿ, ಮೊದಲಿನಂತೆ ದೊಡ್ಡದನ್ನೇ ಮಾಡಿ, ನಮ್ಮ ಪಾಲು ಕೊಟ್ಟು ಮಿಕ್ಕದ್ದನ್ನು ಇಟ್ಟರು. ಮಾವ ಕಡಲೆಕಾಳಿನ ತುತ್ತು ನಾಲ್ಕು ನುಂಗಿ ಮುಗಿಸಿದರು. ಡಾಕ್ಟರ ಆಜ್ಞೆಯಂತೆ ಏಳದೆ ಕೂತರು. ಪಾತ್ರೆಯಲ್ಲಿ ಹೊಗೆಯಾಡುವ ಮುದ್ದೆ ಹಾಗೇ ಇತ್ತು.

"ಆರೋಗ್ತದಲ್ಲಮ್ಮಿ, ನೀನೇ ಉಣ್ಣು," ಎಂದರು ಮಾವ, ಮುದ್ದೆಯ ಮೇಲಿನ ಮರುಕಕ್ಕೆ.

ಅತ್ತೆ ಗೋಡೆಯ ಕಡೆ ಅರ್ಧ ತಿರುಗಿ ಕುಳಿತು ಉಣ್ಣತೊಡಗಿದರು. ಮಾವನಿಗೆ ಬೇರೇನೂ ಕೆಲಸವಿಲ್ಲ, ನೋಡುತ್ತ ಕೂತರು. ಅತ್ತೆ ಊದಿ ಊದಿ, ಕಣ್ಣು ಅರೆಮುಚ್ಚಿ ಉಣ್ಣುತ್ತಿದ್ದರು.

"ಸೀಕು ಕೆರಕೊಡ್ಲಾ? ನಿಂಗೆ ಅದೇ ಅಲ್ವಾ ಇಷ್ಟ?"

"ಯಾರ್ ಏಳುದ್ರು ನಿಮ್ಗೆ?"

"ಯಾವಾಗ್ಲೂ ಅದ್ನೇ ತಾನೇ ತಿಂತಿದ್ದೆ?"

"ಅದೇ ತಾನೇ ಮಿಗ್ತಿದ್ದುದು," ಎಂದರು ಅತ್ತೆ. ದೂರಿನ ದನಿಯೇನಲ್ಲ, ಉಪ್ಪು ಮುಗಿದಿದೆ ಎಂದು ಹೇಳುವ ದನಿ.

ಮಾವ ಸಾರಿನ ಪಾತ್ರೆಯನ್ನು ಅತ್ತೆಯ ಹತ್ತಿರಕ್ಕೆ ಸರಿಸಿದರು. ನಾನು ತಟ್ಟೆ ನೋಡುತ್ತ ಕೂತೆ.

ಅಂದಿನಿಂದ ಅವರು ಜೊತೆಯಲ್ಲೇ ಉಣ್ಣುವುದು ರೂಢಿಯಾಯಿತು. ಗಾಯ ಮಾಗಿ ರಟ್ಟೆಗೆ ಬಲ ಬಂದ ಮೇಲೆ ಮಾವ ಒಲೆಯ ಮುಂದೆ ಕೂತು ಮುದ್ದೆ ಕೋಲನ್ನೂ ಕೈಗೆ ತೆಗೆದುಕೊಂಡರು. ಅತ್ತೆ ಗಾಬರಿಯಾಗಿ, "ಬುಡಿ ಅಂದ್ರೆ, ಪಕ್ಕದ್ಮನೆಯೋರು ನೋಡುದ್ರೆ ಏನಂದಾರು?" ಎಂದು ಕಿಟಕಿ ಮುಚ್ಚಿದರು. "ಕಡ್ಲೆಕಾಳಿನ್ ತುತ್ತಿಗೇ ಸೈ ಅಂದೋನ್ಗೆ ಇನ್ಯಾವ ಮರ್ವಾದೆ!" ಎಂದು ಮಾವ ತೊಳಸಿದರು. ಆ ದಿನ ಮುದ್ದೆಗಿಂತ ಗಂಟೇ ಹೆಚ್ಚಾಗಿತ್ತು, ಆದರೂ ಮೂವರೂ ತಿಂದೆವು.

ಎರಡು ವರ್ಷ ಕಳೆದು ಮತ್ತೆ ಡಾಕ್ಟರಿಗೆ ತೋರಿಸಲು ಹೋದಾಗ ಜೊತೆಗೆ ನಾನಿದ್ದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಬೆನ್ನು ತಟ್ಟಿ, "ಭೇಷ್ ಗೌಡರೇ! ಹೊಟ್ಟೆ ಚೆನ್ನಾಗಿ ಹೊಂದಿಕೊಂಡಿದೆ. ಇನ್ನು ಎಲ್ಲರ ಹಾಗೆ ಮೂರು ಹೊತ್ತು ಊಟ ಮಾಡಬಹುದು," ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮಾವ ಮಾತ್ರ ಟಾಂಗಾದಲ್ಲಿ ಕೂತು ದಾರಿಯುದ್ದಕ್ಕೂ ಕುದುರೆಯ ಬಾಲ ನೋಡುತ್ತಿದ್ದರು. ಮನೆಯ ತಿರುವು ಬಂದಾಗ ನನ್ನ ಮೊಣಕೈ ಹಿಡಿದರು.

"ನಿಮ್ಮತ್ತೆ ಕೇಳುದ್ರೆ, ಪಥ್ಯ ಇನ್ನೂ ಅಂಗೇ ಅಂತೆ ಅಂತ ಏಳ್ಬುಡು."

"ಯಾಕೆ ಮಾವ? ವಾಸಿಯಾಗಿದೆಯಲ್ಲ! ಅತ್ತೆಗೂ ಕೆಲಸ ಕಮ್ಮಿ ಆಗುತ್ತೆ."

"ಕೆಲ್ಸ ನಾನ್ ಮಾಡ್ತೀನಿ ಬುಡ್ಲಾ. ಕಾಯ್ಲೆಯೋನು ಅಂತ ಅವ್ಳು ನನ್ ಜೊತೇಲಿ ಕೂತ್ಕಂಡ್ ಉಣ್ತಾವ್ಳೆ. ವಾಸಿಯಾಯ್ತು ಅಂತ ಗೊತ್ತಾದ್ರೆ ನಾಳೆಯಿಂದ್ಲೇ ಎದ್ದು ಬಡಿಸೋಕೆ ನಿಂತ್ಕತಾಳೆ. ಎಷ್ಟ್ ಏಳುದ್ರೂ ಕೂರಲ್ಲ. ನಂಗೊತ್ತಿಲ್ವಾ ಅವ್ಳು!"

ಅತ್ತೆ ಬಾಗಿಲಲ್ಲೇ ಕಾದಿದ್ದರು. "ಏನಂದ್ರಪ್ಪಾ ಡಾಕ್ಟ್ರು?" ಎಂದು ನನ್ನನ್ನೇ ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಇಡೀ ಬಳಗಕ್ಕೇ ಗೊತ್ತು.

"ಎಲ್ಲಾ ಸರಿಯಾಗಿದೆ ಅತ್ತೆ. ಪಥ್ಯ ಮಾತ್ರ ಹಿಂಗೇ ಇರಬೇಕಂತೆ. ಕೊನೇವರೆಗೂ."

ಅತ್ತೆ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಮಾವನ ಮುಖ ನೋಡಿದರು. ಏನೂ ಕೇಳದೆ ಒಳಗೆ ಹೋಗಿ ಎಸರಿಟ್ಟರು. ಮಾವ ಅಂಗಿ ಕಳಚಿಟ್ಟು ಮುದ್ದೆ ಕೋಲು ಹಿಡಿದು ಕೂತರು. ಮುದ್ದೆ ಬೆಂದಾಗ ಅತ್ತೆ ಅಭ್ಯಾಸದಂತೆ ಮೊದಲು ಮಾವನ ತಟ್ಟೆಗೆ ಕೈ ಹಾಕಿದರು. ಮಾವ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ತಟ್ಟೆಯನ್ನು ಮುಂದಕ್ಕೆ ನೂಕಿದರು.

"ಬಿಸಿ ಅದೆ. ಮೊದ್ಲು ನೀನ್ ಮುರಿಯಮ್ಮಿ."